ಬೆಳಕಿನಲ್ಲಿ ಕುಡಿಯುವುದು

ನಮ್ಮ ಊರುಗಳಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಕಟ್ಟಿದವರಿಗೆ ಬೆಳಕಿನ ಮೇಲೆ ಏನೋ ಹಳೆಯ ದ್ವೇಷವಿದೆ. ಕಿಟಕಿ ಇಡುವುದಿಲ್ಲ, ಇಟ್ಟರೂ ಅದಕ್ಕೆ ಕಪ್ಪು ಫಿಲ್ಮ್ ಅಂಟಿಸುತ್ತಾರೆ. ಬಾಗಿಲು ತಳ್ಳಿದರೆ ಎದುರಿಗೊಂದು ಅಡ್ಡಗೋಡೆ, ಅದನ್ನು ಬಳಸಿ ಒಳಗೆ ಹೋದರೆ ಕೆಂಪು ಬಲ್ಬು. ಇದು ಕರೆಂಟು ಉಳಿಸುವ ಉಪಾಯವಲ್ಲ, ಗಿರಾಕಿಗೆ ಮಾಡುವ ಉಪಕಾರ. ಪಕ್ಕದ ಟೇಬಲಿನಲ್ಲಿ ಕಡಲೆಬೀಜ ಮುಕ್ಕುತ್ತಿರುವವರು ಮಗಳ ಗಣಿತದ ಮೇಷ್ಟ್ರು ಎಂದು ನಿಮಗೆ ತಿಳಿಯಬಾರದು, ನೀವು ಯಾರೆಂದು ಅವರಿಗೂ ತಿಳಿಯಬಾರದು. ಅಕಸ್ಮಾತ್ ತಿಳಿದರೆ, ಮರುದಿನ ಶಾಲೆಯ ಗೇಟಿನಲ್ಲಿ ಇಬ್ಬರೂ ಮಳೆಯ ವಿಚಾರ ಮಾತಾಡಿ ಬೇರೆಯಾಗುವುದು ಎಂದು ಯಾರೂ ಬರೆಯದ ಒಂದು ಒಪ್ಪಂದವಿದೆ. ನನ್ನ ತಲೆಮಾರಿನ ಬಹಳ ಜನ ಬಿಯರ್ ಕುಡಿಯಲು ಕಲಿತದ್ದು ಈ ಕತ್ತಲಿನಲ್ಲೇ. ಅದರ ಬಣ್ಣ ಹೇಗಿರುತ್ತದೆಂದು ನಾವು ಸರಿಯಾಗಿ ನೋಡಿದವರಲ್ಲ.

ಆದ್ದರಿಂದ ಬೆಂಗಳೂರಿನ ವೈಟ್‌ಫೀಲ್ಡಿನ ಬ್ರೂವರಿಯೊಂದರ ಒಳಗೆ ಕಾಲಿಟ್ಟಾಗ ನನ್ನನ್ನು ಮೊದಲು ಕಂಗೆಡಿಸಿದ್ದು ಅಲ್ಲಿನ ಬೆಳಕು. ಸುತ್ತ ಗಾಜಿನ ಗೋಡೆ, ಎರಡು ಅಂತಸ್ತಿನಷ್ಟು ಎತ್ತರದ ಚಾವಣಿ, ಮಧ್ಯಾಹ್ನದ ಬಿಸಿಲು ನೇರ ಟೇಬಲಿನ ಮೇಲೆ. ಒಂದು ಮೂಲೆಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ, ಬಲೂನು ಕಟ್ಟಿದ್ದರು. ಇನ್ನೊಂದು ಕಡೆ ಕಾಂಜೀವರಂ ಸೀರೆಯ ಅಜ್ಜಿಯೊಬ್ಬರು ಮೊಮ್ಮಕ್ಕಳ ನಡುವೆ ಕೂತು ಬಿಸಿನೀರು ತರಿಸಿಕೊಂಡು ಕುಡಿಯುತ್ತಿದ್ದರು. ಅವರ ಅಕ್ಕಪಕ್ಕ ಬಗೆಬಗೆಯ ಬಣ್ಣದ ಗ್ಲಾಸುಗಳು ನಿರಾತಂಕವಾಗಿ ಏರಿ ಇಳಿಯುತ್ತಿದ್ದವು. ಯಾರೂ ಯಾರಿಂದಲೂ ಮುಖ ಮರೆಸಿಕೊಂಡಿರಲಿಲ್ಲ. ಮರೆಸಿಕೊಳ್ಳಬೇಕೆಂದು ಅನ್ನಿಸಿದವನು ಅಲ್ಲಿ ನಾನೊಬ್ಬನೇ ಇರಬೇಕು.

ನನ್ನನ್ನು ಕರೆದುಕೊಂಡು ಹೋದವರು ಅಕ್ಕನ ಮಗ ಮತ್ತು ಅವನ ಹೆಂಡತಿ. ಇಬ್ಬರೂ ಆ ಕಡೆಯ ಟೆಕ್ ಪಾರ್ಕುಗಳಲ್ಲಿ ಕೆಲಸ ಮಾಡುವವರು. ‘ಮಾವ, ನೀವು ಕುಡಿಯೋದು ಬಿಯರ್ರೇ ಅಲ್ಲ’ ಎಂದು ಅವನು ನನಗೆ ಬಹಳ ದಿನದಿಂದ ಹೇಳುತ್ತ ಬಂದಿದ್ದ. ಕಾರು ಓಡಿಸುವ ಸರದಿ ಆ ದಿನ ಅವನ ಹೆಂಡತಿಯದು. ಅವಳು ನಿಂಬೆಹಣ್ಣಿನ ಸೋಡಾ ಹಿಡಿದು ಕೂತು, ನಮ್ಮಿಬ್ಬರ ಮಾತಿಗೆ ಉಪ್ಪು ಹಾಕುವ ಕೆಲಸವನ್ನು ಸಂತೋಷದಿಂದ ವಹಿಸಿಕೊಂಡಳು.

ವೈಟ್‌ಫೀಲ್ಡಿಗೂ ಹೊರಗಿನವರಿಗೂ ಇರುವ ನಂಟು ಹಳೆಯದು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಇಲ್ಲಿ 3,900 ಎಕರೆ ಕೊಟ್ಟರು. ಆ ಜನ ಬೇಸಾಯ ಮಾಡಿಕೊಂಡು ಬದುಕಲಿ ಎಂಬುದು ಆಲೋಚನೆ. ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ವೃತ್ತಾಕಾರದಲ್ಲಿ ಮನೆ ಕಟ್ಟಿದ ಹಳೆಯ ಬಡಾವಣೆ ಇವತ್ತಿಗೂ ಇನ್ನರ್ ಸರ್ಕಲ್ ಎಂಬ ಹೆಸರಿನಲ್ಲಿ ಉಳಿದಿದೆ. ಆಮೇಲೆ ಕಾಡುಗೋಡಿಗೆ ಸತ್ಯಸಾಯಿಬಾಬಾ ಬಂದರು, ತೊಂಬತ್ತರ ದಶಕದ ಕೊನೆಗೆ ಐಟಿಪಿಎಲ್ ಬಂತು, ಅದರ ಹಿಂದೆ ಇಡೀ ಭಾರತ ಬಂತು. ಹೀಗೆ ಬಂದವರಿಗೆಲ್ಲ ಸಂಜೆ ಕೂರಲು ಒಂದು ಜಾಗ ಬೇಕಲ್ಲ? ಎಂ.ಜಿ. ರಸ್ತೆಯವರೆಗೆ ಹೋಗಿ ಬರುವಷ್ಟರಲ್ಲಿ ರಾತ್ರಿಯೇ ಮುಗಿಯುತ್ತಿದ್ದ ಕಾಲ ಅದು. ನಗರದ ಅಂಚಿನಲ್ಲಿ ದೊಡ್ಡ ದೊಡ್ಡ ಬ್ರೂವರಿಗಳು ಎದ್ದದ್ದಕ್ಕೆ ಬಿಯರ್ ಪ್ರೀತಿ ಎಷ್ಟು ಕಾರಣವೋ, ಮಾರತ್ತಹಳ್ಳಿಯ ಟ್ರಾಫಿಕ್ಕೂ ಅಷ್ಟೇ ಕಾರಣ ಎಂದು ನನ್ನ ಅನುಮಾನ.

ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ದಂಡಿನ ಸಿಪಾಯಿಗಳ ಬಾಯಾರಿಕೆಯ ಮೇಲೆ ಬೆಳೆದ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟಿಷ್ ಮನುಷ್ಯ 1915ರಲ್ಲಿ ಒಂದುಗೂಡಿಸಿದ. ಅದೇ ಯುನೈಟೆಡ್ ಬ್ರೂವರೀಸ್. ಆಗ ಬಿಯರು ದೊಡ್ಡ ಪೀಪಾಯಿಗಳಲ್ಲಿ ಎತ್ತಿನ ಗಾಡಿಯ ಮೇಲೆ ಹೋಗುತ್ತಿತ್ತು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಪಬ್ಬುಗಳ ಕಾಲ. ಚರ್ಚ್ ಸ್ಟ್ರೀಟಿನ ನಾಸಾ ಪಬ್ಬು ಒಳಗೆ ಆಕಾಶನೌಕೆಯ ವೇಷ ಹಾಕಿಕೊಂಡಿತ್ತು, ರೆಸ್ಟ್‌ಹೌಸ್ ರಸ್ತೆಯ ಪೆಕೋಸಿನಲ್ಲಿ ಹಳೆಯ ರಾಕ್ ಸಂಗೀತ. ಕಾಲೇಜು ಹುಡುಗರು ಮಗ್ಗು ಎತ್ತಿ ಡ್ರಾಫ್ಟ್ ಬಿಯರ್ ಕುಡಿಯುತ್ತಿದ್ದರು. ಹೆಸರಿಗೆ ನೂರು ಪಬ್ಬು, ಹೆಚ್ಚಿನ ಕಡೆ ನಲ್ಲಿಯಲ್ಲಿ ಬರುತ್ತಿದ್ದುದು ಅದೇ ಕಾರ್ಖಾನೆಯ ಅದೇ ಬಿಯರು. ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಮೈಕ್ರೋಬ್ರೂವರಿ ನಮ್ಮಲ್ಲಿಗೆ ಬಂದದ್ದು ತಡವಾಗಿ. ಪುಣೆಯಲ್ಲಿ ಡೂಲಾಲಿ 2009ರಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ 2010–11ರ ಹೊತ್ತಿಗೆ ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್. 2012ರಲ್ಲಿ ಅಮೆರಿಕದ ಆನ್ ಆರ್ಬರ್ ಊರಿನಿಂದ ಬಂದ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್. ವಿಂಡ್‌ಮಿಲ್ಸಿನಲ್ಲಿ ಜಾಜ್ ಸಂಗೀತಕ್ಕೆಂದೇ ಒಂದು ಸಭಾಂಗಣ, ಗೋಡೆ ತುಂಬ ಪುಸ್ತಕ. ಕುಡಿಯುವ ಜಾಗದಲ್ಲಿ ಪುಸ್ತಕ ಇಟ್ಟವರನ್ನು ಮೆಚ್ಚಬೇಕೋ ಬೈಯಬೇಕೋ ನನಗೆ ತೀರ್ಮಾನವಾಗಿಲ್ಲ.

ನಾವು ಹೋದದ್ದು ಇವ್ಯಾವುದಕ್ಕೂ ಅಲ್ಲ, ಅದೇ ಸುತ್ತಿನ ಇನ್ನೊಂದಕ್ಕೆ. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಬೇಡ. ಅಕ್ಕನ ಮಗನಿಗೆ ಅಲ್ಲಿನ ಬ್ರೂವರ್ ಪರಿಚಯ. ಗಡ್ಡ ಬಿಟ್ಟ ವಿದೇಶಿ ಯಾರೋ ಬರುತ್ತಾನೆಂದು ನಾನು ಕಾಯುತ್ತಿದ್ದರೆ, ರಬ್ಬರ್ ಬೂಟು ಹಾಕಿಕೊಂಡ, ತಿಪಟೂರು ಕಡೆಯ ಮಾತಿನ ಹುಡುಗ ಬಂದು ‘ಬನ್ನಿ ಸಾರ್, ಒಳಗ್ ತೋರಿಸ್ತೀನಿ’ ಅಂದ. ಬಯೋಟೆಕ್ನಾಲಜಿ ಓದಿದ್ದಾನೆ. ಅವನ ಅಮ್ಮನಿಗೆ ಮಗ ‘ಫುಡ್ ಪ್ರೊಸೆಸಿಂಗ್’ನಲ್ಲಿದ್ದಾನೆ ಎಂದಷ್ಟೇ ಗೊತ್ತಂತೆ. ಸುಳ್ಳಂತೂ ಅಲ್ಲ.

ಗಾಜಿನಾಚೆ ಉಕ್ಕಿನ ದೊಡ್ಡ ಪಾತ್ರೆಗಳು, ಪೈಪುಗಳು, ಗೇಜುಗಳು. ಮಾಲ್ಟು ನೆನೆಸಿದ ಬಿಸಿ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಈ ವಾಸನೆ ಎಲ್ಲೋ ಗೊತ್ತಿರುವುದು ಎನ್ನಿಸಿತು. ಎಲ್ಲಿಯದೆಂದು ಹೊಳೆಯಲು ಒಂದು ನಿಮಿಷ ಬೇಕಾಯಿತು: ಅಡುಗೆಮನೆಯದು. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಮಗುವಿಗೆ ಮಾಲ್ಟು ಮಾಡುತ್ತಾರಲ್ಲ, ಇದೂ ಅದೇ ಕೆಲಸ. ಮೊಳಕೆಯೊಡೆಯುವ ಕಾಳು ತನ್ನ ಹಿಟ್ಟನ್ನು ತಾನೇ ಸಕ್ಕರೆ ಮಾಡಿಕೊಳ್ಳಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಅಮ್ಮಂದಿರು ಆ ಕಿಣ್ವವನ್ನು ಗಂಜಿ ತೆಳುವಾಗಲು, ಮಗುವಿಗೆ ಬೇಗ ಅರಗಲು ಬಳಸುತ್ತಾರೆ; ಬ್ರೂವರ್ ಅದನ್ನೇ ಯೀಸ್ಟಿಗೆ ಊಟ ಬಡಿಸಲು ಬಳಸುತ್ತಾನೆ. ನುಚ್ಚು ಮಾಡಿದ ಬಾರ್ಲಿ ಮಾಲ್ಟನ್ನು 65–67 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಿಹಿಯಾಗಿ ನೀರಿಗಿಳಿಯುತ್ತದೆ. ಅವನು ಅದನ್ನು ಒಂದು ಲೋಟದಲ್ಲಿ ಹಿಡಿದು ಕೊಟ್ಟ. ಕುಡಿದೆ. ಏಲಕ್ಕಿ ಒಂದಿದ್ದರೆ ಯಾವ ಮಗುವಿಗೂ ಕೊಡಬಹುದಿತ್ತು.

ಸಿಹಿನೀರು ಸೋಸಿದ ಮೇಲೆ ಅದನ್ನು ಒಂದು, ಒಂದೂವರೆ ಗಂಟೆ ಕುದಿಸುತ್ತಾರೆ. ಕುದಿಯುವಾಗ ಹಾಪ್ಸ್ ಹಾಕುತ್ತಾರೆ. ಹಾಪ್ಸ್ ಎಂಬುದು ಗಾಂಜಾದ ಕುಟುಂಬಕ್ಕೆ ಸೇರಿದ ಬಳ್ಳಿಯ ಹೂವು. ನಶೆ ಇಲ್ಲ, ಕಹಿ ಮತ್ತು ಘಮ ಮಾತ್ರ. ಬೇಸಿಗೆಯ ಹಗಲು ತುಂಬ ಉದ್ದವಿರುವ ಸೀಮೆಯಲ್ಲೇ ಆ ಬಳ್ಳಿ ಚೆನ್ನಾಗಿ ಹೂ ಬಿಡುವುದು. ಹಿಮಾಚಲದ ಲಾಹುಲ್ ಕಣಿವೆಯಲ್ಲಿ ಬೆಳೆದದ್ದುಂಟು, ನಮ್ಮ ಕಡೆ ಆಗದು. ಆಮೇಲೆ ತಣಿಸಿ, ಯೀಸ್ಟ್ ಬಿಟ್ಟು, ಫರ್ಮೆಂಟರಿನಲ್ಲಿ ಮುಚ್ಚಿಡುವುದು. ಏಲ್ ಜಾತಿಯ ಬಿಯರಿಗೆ ಸುಮಾರು 20 ಡಿಗ್ರಿ ಸಾಕು. ಲಾಗರಿಗೆ ಹತ್ತರ ಆಸುಪಾಸಿನ ತಂಪು ಬೇಕು, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡಬೇಕು. ‘ಅದ್ಕೇ ಸಾರ್, ಲಾಗರ್ ಟ್ಯಾಂಕ್ ಹಿಡ್ಕೊಂಡ್ ಕೂತ್ಬಿಡುತ್ತೆ. ಅಷ್ಟೊತ್ತಲ್ಲಿ ಎರಡು ಬ್ಯಾಚ್ ವೀಟ್ ಬಿಯರ್ ಮಾಡ್ಬೋದು’ ಎಂದ. ಬೆಂಗಳೂರಿನ ಬ್ರೂವರಿಗಳಲ್ಲಿ ಎಲ್ಲಿ ಹೋದರೂ ಗೋಧಿ ಬಿಯರು ಏಕೆ ಸಿಗುತ್ತದೆ ಎಂಬುದಕ್ಕೆ ಒಂದು ಕಾರಣ ಸಿಕ್ಕಿತು. ಸಾರ ತೆಗೆದ ಮಾಲ್ಟಿನ ಚರಟ ಬ್ರೂವರಿಯ ಹಿಂಬಾಗಿಲಲ್ಲಿ ಡ್ರಮ್ಮುಗಳಲ್ಲಿ ತುಂಬಿ ನಿಂತಿತ್ತು. ವರ್ತೂರು ಕಡೆಯ ಹಾಲಿನವನೊಬ್ಬ ಬಂದು ಆಟೋದಲ್ಲಿ ಹೇರಿಕೊಂಡು ಹೋಗುತ್ತಾನಂತೆ. ಜರ್ಮನಿಯ ಮಾಲ್ಟು ತಿಂದ ವರ್ತೂರಿನ ಹಸುಗಳ ಹಾಲಿನಲ್ಲಿ ಆ ಅಪಾರ್ಟ್‌ಮೆಂಟುಗಳ ಕಾಫಿ ನಡೆಯುತ್ತದೆ.

ನಾನು ಕೇಳಿದ್ದು ನೀರಿನ ವಿಚಾರ. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರೇ. ವೈಟ್‌ಫೀಲ್ಡಿನಲ್ಲಿ ನೀರೆಂದರೆ ಬಹಳ ವರ್ಷ ಬೋರ್‌ವೆಲ್ಲು ಮತ್ತು ಟ್ಯಾಂಕರು. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬೆಟ್ಟ ಹತ್ತಿಸಿ ತರುವ ಈ ಊರಿನಲ್ಲಿ, ಹೊರವಲಯದ 110 ಹಳ್ಳಿಗಳಿಗೆಂದು ಐದನೇ ಹಂತದ ನೀರು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಈ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಸ್ನಾನಕ್ಕೂ ಲೆಕ್ಕ ಇಡಬೇಕಾಗಿ ಬಂದಿತ್ತು. ಬಂದ ನೀರು ಯಾವುದೇ ಇರಲಿ, ಬ್ರೂವರ್ ಮೊದಲು ಅದನ್ನು ಆರ್‌ಒ ಯಂತ್ರಕ್ಕೆ ಹಾಕಿ ಅದರೊಳಗಿನ ಸಕಲ ಲವಣವನ್ನೂ ತೆಗೆಯುತ್ತಾನೆ. ಆಮೇಲೆ ತೂಕ ಮಾಡಿ ಬೇಕಾದ ಲವಣ ಸೇರಿಸುತ್ತಾನೆ. ನೀರನ್ನು ಮೃದುವಾಗಿಯೇ ಬಿಟ್ಟರೆ ಅದು ಚೆಕ್ ನಾಡಿನ ಪಿಲ್ಸೆನ್ ಪಟ್ಟಣದ್ದು; ಜಿಪ್ಸಮ್ ಹಾಕಿದರೆ ಇಂಗ್ಲೆಂಡಿನ ಬರ್ಟನ್ ಊರಿನದು. ಒಂದೇ ಟ್ಯಾಂಕರಿನ ನೀರು ಸೋಮವಾರ ಬೊಹೀಮಿಯಾ, ಬುಧವಾರ ಇಂಗ್ಲೆಂಡು. ಈ ಜಾಣತನಕ್ಕೆ ತಲೆದೂಗಿದೆ. ಒಂದು ಲೀಟರ್ ಬಿಯರಿಗೆ ತೊಳೆಯುವುದೂ ಸೇರಿ ಹಲವು ಲೀಟರ್ ನೀರು ಹೋಗುತ್ತದೆ ಎಂದು ಅವನೇ ಹೇಳಿದಾಗ ಅದೇ ತಲೆ ಸ್ವಲ್ಪ ತಗ್ಗಿತು. ಕುಡಿಯುವುದನ್ನು ನಿಲ್ಲಿಸುವಷ್ಟೇನೂ ತಗ್ಗಲಿಲ್ಲ.

ಟೇಬಲಿಗೆ ವಾಪಸು ಬಂದಾಗ ಸ್ಯಾಂಪ್ಲರ್ ಕಾಯುತ್ತಿತ್ತು. ಗುಳಿ ತೋಡಿದ ಮರದ ಹಲಗೆಯಲ್ಲಿ ಸಾಲಾಗಿ ಚಿಕ್ಕ ಗ್ಲಾಸುಗಳು, ಹುಲ್ಲಿನ ಹಳದಿಯಿಂದ ಶುರುವಾಗಿ ಕಡುಗಪ್ಪಿನವರೆಗೆ. ಬಿಸಿಲಿಗೆ ಹಿಡಿದು ನೋಡಿದೆ. ಬಿಯರಿಗೆ ಇಷ್ಟು ಬಣ್ಣಗಳಿವೆಯೆಂದು ನನ್ನ ಕೆಂಪು ಬಲ್ಬಿನ ಬಾರು ಒಮ್ಮೆಯೂ ಹೇಳಿರಲಿಲ್ಲ.

ಮೊದಲನೆಯದು ಹೆಫೆವೈಟ್ಸೆನ್, ಬವೇರಿಯಾದ ಗೋಧಿ ಬಿಯರು. ಮಬ್ಬು ಮಬ್ಬಾಗಿ, ಮೇಲೆ ದಪ್ಪ ನೊರೆ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಅದರ ಬೆನ್ನಿಗೆ ಲವಂಗ. ಎರಡನ್ನೂ ಯಾರೂ ಹಾಕಿಲ್ಲ. ಆ ಜಾತಿಯ ಯೀಸ್ಟು ಸಕ್ಕರೆ ತಿನ್ನುವಾಗ ಐಸೋಅಮೈಲ್ ಅಸಿಟೇಟ್ ಎಂಬುದನ್ನು ಬಿಡುತ್ತದೆ, ಬಾಳೆಹಣ್ಣಿನಲ್ಲಿರುವುದೂ ಅದೇ. ಯಾವ ಬಾಳೆಹಣ್ಣು ಎಂಬ ವಿಷಯದಲ್ಲಿ ಮಾತ್ರ ಬಿಯರ್ ಪಂಡಿತರಿಗೆ ಗಮನ ಸಾಲದು. ಇದು ಏಲಕ್ಕಿ ಬಾಳೆಯಲ್ಲ, ರಸಬಾಳೆಯಂತೂ ಅಲ್ಲವೇ ಅಲ್ಲ; ಸ್ವಲ್ಪ ಹೆಚ್ಚು ಹಣ್ಣಾದ ಪಚ್ಚಬಾಳೆ. ನಂಜನಗೂಡಿನ ರಸಬಾಳೆಯ ಪರಿಮಳ ಬಿಡುವ ಯೀಸ್ಟನ್ನು ಯಾರಾದರೂ ಹುಡುಕಿದರೆ ನಾನು ವೈಟ್‌ಫೀಲ್ಡಿನಲ್ಲೇ ಬಾಡಿಗೆ ಮನೆ ಹಿಡಿಯುತ್ತೇನೆ.

ಈ ಗೋಧಿ ಬಿಯರಿನ ಚರಿತ್ರೆ ನನಗೆ ಬಿಯರಿಗಿಂತ ಹೆಚ್ಚು ಹಿಡಿಸಿತು. 1516ರಲ್ಲಿ ಬವೇರಿಯಾದ ಡ್ಯೂಕುಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು, ಈ ಮೂರರ ಹೊರತು ಏನನ್ನೂ ಹಾಕಕೂಡದು ಎಂದು ಕಟ್ಟಳೆ ಮಾಡಿದರು. ಯೀಸ್ಟಿನ ಹೆಸರಿಲ್ಲ, ಅದೊಂದು ಜೀವಿ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಗೋಧಿ ರೊಟ್ಟಿಗೆ ಬೇಕು, ಅದನ್ನು ಬಿಯರಿಗೆ ಸುರಿಯಬೇಡಿ ಎಂಬುದು ಕಟ್ಟಳೆಯ ಹಿಂದಿನ ಒಂದು ಕಾಳಜಿ. ಸರಿಯಾದ ಮಾತೇ. ಆದರೆ ಗೋಧಿ ಬಿಯರ್ ಮಾಡುವ ಹಕ್ಕು ಒಂದು ಶ್ರೀಮಂತ ಮನೆತನಕ್ಕೆ ಮಾತ್ರ ಉಳಿದಿತ್ತು. 1602ರಲ್ಲಿ ಆ ಮನೆತನ ಅಳಿದಾಗ ಹಕ್ಕು ಡ್ಯೂಕನ ಕೈಗೆ ಬಂತು. ಬಂದ ಮೇಲೆ ಗೋಧಿಯ ಬಗ್ಗೆ ಇದ್ದ ಕಾಳಜಿ ಏನಾಯಿತೋ, ಡ್ಯೂಕನ ಬ್ರೂವರಿಗಳು ಗೋಧಿ ಬಿಯರ್ ಮಾರಿ ಖಜಾನೆ ತುಂಬಿಸಿದವು. ಪ್ರಜೆಗಳ ಕುಡಿತದ ಮೇಲೆ ನಿಯಮ, ಅದರ ವರಮಾನದ ಮೇಲೆ ಪ್ರೀತಿ. ಅಬಕಾರಿ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಎರಡನೆಯದು ಬೆಲ್ಜಿಯಂ ಮಾದರಿಯ ವಿಟ್. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ್ದು. ‘ಇದಕ್ಕೆ ಸಾರಿನಪುಡಿ ಹಾಕಿದ್ದಾರಾ?’ ಎಂದು ಸೊಸೆ ಮೂಸಿ ನೋಡಿ ಕೇಳಿದಳು. ಆ ಪ್ರಶ್ನೆಯ ನಂತರ ನನಗೆ ಅದರಲ್ಲಿ ಬೇರೇನೂ ಕಾಣಲಿಲ್ಲ. ಮೂರನೆಯದು ಪಿಲ್ಸ್‌ನರ್. ಸ್ವಚ್ಛ, ಹೊಳಪು, ಕೊನೆಗೊಂದು ಚುರುಕು ಕಹಿ. ನಮ್ಮ ಬಾಟಲಿ ಬಿಯರುಗಳಲ್ಲಿ ಹೆಚ್ಚಿನವು ಈ ವಂಶದವೇ. 1842ರಲ್ಲಿ ಪಿಲ್ಸೆನ್ ಊರಿನವರು ತಮ್ಮ ಕೆಟ್ಟ ಬಿಯರಿನಿಂದ ಬೇಸತ್ತು ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರನ್ನು ಕರೆಸಿ ಮಾಡಿಸಿದ್ದು ಇದು. ಜಗತ್ತೆಲ್ಲ ನಕಲು ಮಾಡಿದ ಬಿಯರನ್ನು ಆ ಊರಿಗೆ ಮಾಡಿಕೊಟ್ಟವನೂ ಹೊರಗಿನವನೇ.

ಆಮೇಲೆ ಐಪಿಎ. ಇಂಡಿಯಾ ಪೇಲ್ ಏಲ್. ಹೆಸರಿನಲ್ಲಿ ನಮ್ಮ ದೇಶವಿದೆಯೆಂದು ದೊಡ್ಡ ಗುಟುಕು ತೆಗೆದೆ. ಕಹಿ ಅಂದರೆ ಕಹಿ. ಹಡಗಿನಲ್ಲಿ ಕೆಡಬಾರದೆಂದು ಹಾಪ್ಸ್ ಜಾಸ್ತಿ ಹಾಕಿ ಭಾರತಕ್ಕೆಂದೇ ಕಂಡುಹಿಡಿದ ಬಿಯರು ಇದು ಎಂಬ ಕತೆಯನ್ನು ವೇಟರ್ ಹುಡುಗ ಒಪ್ಪಿಸಿದ. ಕತೆ ಚೆನ್ನಾಗಿದೆ, ಪೂರ್ತಿ ನಿಜವಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬವನ ಬ್ರೂವರಿಯಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದುದು ಅದರ ಹತ್ತಿರ. ಹಡಗಿನ ಕಪ್ತಾನರು ಸ್ವಂತ ವ್ಯಾಪಾರಕ್ಕೆಂದು ಅವನಲ್ಲಿದ್ದ ಗಟ್ಟಿ ಬಿಯರನ್ನು ಸಾಲಕ್ಕೆ ಒಯ್ಯುತ್ತಿದ್ದರು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಕುಲುಕಾಡಿ ಬಂದ ಆ ಬಿಯರು ಕೆಡುವ ಬದಲು ಹದವಾಗಿತ್ತು. ಕಲ್ಕತ್ತೆ, ಮದ್ರಾಸಿನ ಸಾಹೇಬರು ಮೆಚ್ಚಿದರು. 1820ರ ದಶಕದಲ್ಲಿ ಬರ್ಟನ್ನಿನ ಆಲ್ಸಾಪ್ ಅದನ್ನು ಇನ್ನೂ ಚೆನ್ನಾಗಿ ಮಾಡಿ ಹಾಡ್ಜ್‌ಸನ್ನನ ವ್ಯಾಪಾರ ಕಿತ್ತುಕೊಂಡ. ದಂಡಿನ ಸಾಮಾನ್ಯ ಸಿಪಾಯಿಗೆ ಇದು ದಕ್ಕುತ್ತಿದ್ದುದು ಕಡಿಮೆ, ಅವನು ಹೆಚ್ಚಾಗಿ ಕುಡಿದದ್ದು ಕಪ್ಪು ಪೋರ್ಟರ್. ಈಗ ಅಮೆರಿಕದವರು ತಮ್ಮ ಹಾಪ್ಸ್ ಸುರಿದು ಇದನ್ನು ಲೋಕಪ್ರಸಿದ್ಧ ಮಾಡಿ ವಾಪಸು ಕಳಿಸಿದ್ದಾರೆ. ನಮ್ಮ ಹೆಸರು ಹೊತ್ತು ನಮ್ಮಲ್ಲಿಗೆ ಎರಡನೇ ಸಲ ಬಂದಿರುವ ಈ ಬಿಯರಿನಲ್ಲಿ ಭಾರತದ್ದು ಏನಿದೆ ಎಂದು ಕೇಳಿದೆ. ಬ್ರೂವರ್ ಸ್ವಲ್ಪ ಯೋಚಿಸಿ, ‘ನಾನಿದೀನಲ್ಲ ಸಾರ್’ ಅಂದ.

ಮಾತು ಸರಿಯಾಗಿತ್ತು. ಮಾಲ್ಟು ಜರ್ಮನಿಯದು, ಹಾಪ್ಸ್ ಅಮೆರಿಕದ್ದು, ಯೀಸ್ಟು ಯಾವುದೋ ಪ್ರಯೋಗಾಲಯದ ಪೊಟ್ಟಣದಲ್ಲಿ ಬಂದದ್ದು, ನೀರು ಟ್ಯಾಂಕರಿನದು. ಆದರೆ ಕೊನೆಯ ಎರಡು ಗ್ಲಾಸುಗಳಲ್ಲಿ ನೆಲದ ವಾಸನೆ ಸ್ವಲ್ಪ ಇತ್ತು. ಒಂದು ಚಿಕ್ಕಮಗಳೂರಿನ ಕಾಫಿಬೀಜ ಹಾಕಿದ ಸ್ಟೌಟ್. ಹುರಿದ ಬಾರ್ಲಿಗೂ ಹುರಿದ ಕಾಫಿಗೂ ಜಗಳವಿಲ್ಲ, ಸೊಗಸಾಗಿತ್ತು, ಅಷ್ಟೇ. ಇನ್ನೊಂದು ರಾಗಿ ಬಿಯರು. ಇದು ಮೆನುವಿನಲ್ಲಿರಲಿಲ್ಲ, ಅವನ ಪ್ರಯೋಗದ ಬ್ಯಾಚು.

ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ. ಸಿಕ್ಕಿಂ, ನೇಪಾಳದ ಬೆಟ್ಟಗಳಲ್ಲಿ ರಾಗಿ ಹುಳಿಸಿ, ಬಿದಿರಿನ ಕೊಳವೆಗೆ ತುಂಬಿ, ಬಿಸಿನೀರು ಹೊಯ್ದು ಹೀರುವ ತೋಂಗ್ಬಾ ಇದೆ. ಪೂರ್ವ ಆಫ್ರಿಕಾದಲ್ಲಿ ರಾಗಿ ಮೊಳಕೆಯಿಂದ ಬಿಯರ್ ಮಾಡುವುದು ಮನೆಮನೆಯ ಕೆಲಸ. ನಾವು ಮುದ್ದೆ, ಅಂಬಲಿ, ರೊಟ್ಟಿಗೆ ತೃಪ್ತರು. ಬ್ರೂವರ್ ತನ್ನ ಕಷ್ಟ ಹೇಳಿಕೊಂಡ. ಬಾರ್ಲಿ ಕಾಳಿಗೆ ಸಿಪ್ಪೆಯಿದೆ. ಬಿಸಿನೀರಿನಲ್ಲಿ ಇಟ್ಟ ಮೇಲೆ ಆ ಸಿಪ್ಪೆಯೇ ಜರಡಿಯಾಗಿ ಸಿಹಿನೀರನ್ನು ಸೋಸಿಕೊಡುತ್ತದೆ. ರಾಗಿ ಸಾಸಿವೆಯಷ್ಟು ಸಣ್ಣದು, ಸಿಪ್ಪೆಯ ಆಸರೆಯಿಲ್ಲ, ತಳದಲ್ಲಿ ಗಟ್ಟಿ ಕೂತು ನೀರೇ ಬಿಡುವುದಿಲ್ಲ. ಮೊದಲ ಸಲ ಮಾಡಿದಾಗ ಒಂದು ಟ್ಯಾಂಕ್ ಮುದ್ದೆಯಾಗಿತ್ತಂತೆ. ಆಮೇಲೆ ಮಂಡ್ಯದ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತರಿಸಿ ಬೆರೆಸಿದ, ನೀರು ಇಳಿಯಿತು. ಕುಡಿದೆ. ಕಂದು ಬಣ್ಣ, ತೆಳುವಾದ ಮೈ, ನಾಲಿಗೆಯ ಬದಿಗೆ ಒಗರು, ಹುರಿಹಿಟ್ಟಿನ ಪರಿಮಳ. ನೊರೆ ನಿಲ್ಲಲಿಲ್ಲ. ದೊಡ್ಡ ಬಿಯರೇನಲ್ಲ, ಬವೇರಿಯಾದ ಬಾಳೆಹಣ್ಣಿನ ಎದುರು ಸೋಲುತ್ತದೆ. ಆದರೂ ನಾನು ಮತ್ತೆ ಕೇಳಿ ತರಿಸಿಕೊಂಡದ್ದು ಅದೊಂದನ್ನೇ. ತಿಪಟೂರಿನ ಹುಡುಗ ರಾಗಿಯನ್ನು ಟ್ಯಾಂಕಿಗೆ ಇಳಿಸಲು ಪಟ್ಟ ಪಾಡು ಅದರ ರುಚಿಗೆ ಕೂಡಿಕೊಂಡಿತ್ತೋ ಏನೋ.

ಅಷ್ಟು ಹೊತ್ತಿಗೆ ನನ್ನ ನಾಲಿಗೆ ಸಡಿಲವಾಗಿತ್ತು, ಆದ್ದರಿಂದ ತಲೆಯಲ್ಲಿ ತಿರುಗುತ್ತಿದ್ದುದನ್ನು ಹೇಳಿಬಿಟ್ಟೆ. ಬ್ರೂವರಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತಮ್ಮ ಬಿಯರಿನ ಗುಣ ಬರೆದಿದ್ದರು: ತಾಜಾ, ಸೋಸದ್ದು, ಏನೂ ಬೆರೆಸದ್ದು, ಇಲ್ಲೇ ಇಳಿಸಿ ಇಲ್ಲೇ ಕುಡಿಯುವಂಥದ್ದು. ಮೈಕ್ರೋಬ್ರೂವರಿಯ ಬಿಯರನ್ನು ಬಾಟಲಿಗೆ ತುಂಬಿ ಅಂಗಡಿಗೆ ಕಳಿಸುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ಟ್ಯಾಂಕುಗಳಲ್ಲಿ ಬಿಯರ್ ಕೆಡುತ್ತದೆಂದು ಸ್ವಲ್ಪ ದಿನ ಪಾರ್ಸೆಲ್ ಒಯ್ಯಲು ಸರ್ಕಾರ ಬಿಟ್ಟದ್ದು ವಿಶೇಷ ಸಂಗತಿ. ಈ ಎಲ್ಲ ಗುಣಗಳೂ ಇರುವ ಇನ್ನೊಂದು ಪಾನೀಯ ನಮ್ಮೂರ ಕೆರೆಯ ಹಿಂದೆ ಇತ್ತು. ಈಚಲು ಮರದ ತಲೆಯಲ್ಲಿ ಗಡಿಗೆ ಕಟ್ಟಿದರೆ ಬೆಳಗಾಗುವುದರೊಳಗೆ ತಾನೇ ಹುಳಿಯುತ್ತಿತ್ತು. ಮಾಲ್ಟು ಬೇಡ, ಹಾಪ್ಸ್ ಬೇಡ, ಬರ್ಟನ್ನಿನ ನೀರು ಬೇಡ. ಯೀಸ್ಟು ಗಾಳಿಯಲ್ಲೇ ಇತ್ತು. ದೂರ ಕಳಿಸಲಾಗದು, ಅಂದಂದೇ ಕುಡಿಯಬೇಕು. ಕನ್ನಡ ಸಾಹಿತ್ಯದ ಅತಿ ಪ್ರಸಿದ್ಧ ಕುಡುಕ, ಜಿ.ಪಿ. ರಾಜರತ್ನಂ ಅವರ ರತ್ನ, ಕುಡಿಯುತ್ತಿದ್ದುದು ಹೆಂಡವನ್ನು. ಅವನನ್ನು ಸೃಷ್ಟಿಸಿದ ರಾಜರತ್ನಂ ಸ್ವತಃ ಕುಡಿಯದವರು. 2004ರಲ್ಲಿ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ನಮ್ಮ ಕಡೆಯೆಲ್ಲ ಹೆಂಡ ನಿಂತಿತು. 2007ರ ಜುಲೈ 1ರಂದು ಸಾರಾಯಿಯೂ ನಿಂತಿತು. ಮೂರು ನಾಲ್ಕು ವರ್ಷದೊಳಗೆ ಬೆಂಗಳೂರಿನಲ್ಲಿ ಮೊದಲ ಬ್ರೂವರಿಗಳ ನಲ್ಲಿ ತಿರುಗಿದವು.

‘ಮಾವ, ಹಳೇ ಕಾಲ ಎಲ್ಲ ಚೆನ್ನಾಗಿತ್ತು ಅಂತ ಶುರು ಮಾಡಬೇಡಿ’ ಎಂದು ಸೊಸೆ ಎಚ್ಚರಿಸಿದಳು. ಅವಳ ಅಜ್ಜಿಯ ಊರಿನಲ್ಲಿ ಹೆಂಡದಂಗಡಿ ಮುಚ್ಚಿಸಲು ಹೆಂಗಸರು ಪೊರಕೆ ಹಿಡಿದು ಹೋಗಿದ್ದರಂತೆ. ಅವಳು ಹೇಳಿದ್ದು ಸರಿ. ನಾನು ಕಂಡ ಹೆಂಡವೂ ಈಚಲು ಮರದ್ದಾಗಿ ಉಳಿದಿರಲಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಮದ್ದು ಬೆರೆಸಿ, ಮರಗಳಿಗಿಂತ ಹೆಚ್ಚು ಹೆಂಡ ಸುರಿಸುವ ದಂಧೆಯಾಗಿತ್ತು. ಗುತ್ತಿಗೆದಾರ ಮಾಳಿಗೆ ಮನೆ ಕಟ್ಟಿದ, ಕುಡಿದವನ ಮನೆಯಲ್ಲಿ ಒಲೆ ಹತ್ತಲಿಲ್ಲ. ನಿಲ್ಲಿಸಿದ್ದಕ್ಕೆ ಕಾರಣಗಳಿದ್ದವು. ನಿಂತದ್ದರಿಂದ ಆ ಮನೆಗಳಲ್ಲಿ ಕುಡಿತ ನಿಂತಿತೆಂದು ಮಾತ್ರ ಯಾರೂ ಹೇಳಲಾರರು; ಈಗ ಅಗ್ಗದ ವಿಸ್ಕಿ ಟೆಟ್ರಾ ಪ್ಯಾಕಿನಲ್ಲಿ ಬರುತ್ತದೆ, ಕಪ್ಪು ಫಿಲ್ಮಿನ ಹಿಂದೆ ಸಿಗುತ್ತದೆ.

ನನ್ನ ತಕರಾರು ಇಷ್ಟೇ. ಕಲಬೆರಕೆಯಿಲ್ಲದ, ಲೆಕ್ಕವಿರುವ, ಹಗಲು ಬೆಳಕಿನಲ್ಲಿ ಹೆಂಡತಿ ಮಕ್ಕಳ ಎದುರಿಗೆ ಮರ್ಯಾದೆಯಿಂದ ಕುಡಿಯುವ ಒಂದು ಜಾಗ ಸಾಧ್ಯವೆಂದು ವೈಟ್‌ಫೀಲ್ಡಿನ ಬ್ರೂವರಿ ತೋರಿಸಿದೆ. ಅಲ್ಲಿ ಜಗಳವಿರಲಿಲ್ಲ, ಯಾರೂ ಉರುಳಿ ಬಿದ್ದಿರಲಿಲ್ಲ. ಬೆಳಕಿನಲ್ಲಿ ಕೂತವನು ನಿಧಾನಕ್ಕೆ ಕುಡಿಯುತ್ತಾನೆ. ನಾನೂ ಅವತ್ತು ನಿಧಾನಕ್ಕೇ ಕುಡಿದೆ. ಆದರೆ ಆ ಬೆಳಕಿನ ಬಾಡಿಗೆಯನ್ನು ಗ್ಲಾಸಿನ ಬೆಲೆಯಲ್ಲೇ ಸೇರಿಸಿದ್ದಾರೆ. ಅಲ್ಲಿನ ಒಂದು ಗ್ಲಾಸಿನ ಹಣಕ್ಕೆ ನಮ್ಮ ಬೀದಿಯ ಬಾರಿನಲ್ಲಿ ಎರಡು ಬಾಟಲಿ ಬರುತ್ತದೆ. ಆ ಕಟ್ಟಡ ಕಟ್ಟಿದ ಯಾದಗಿರಿಯ ಮೇಸ್ತ್ರಿ ಒಳಗೆ ಬಂದು ಕೂರಲಾರ. ಅವನ ಪಾಲಿಗೆ ನಾವು ಉಳಿಸಿರುವುದು ಕತ್ತಲನ್ನು. ಟ್ಯಾಂಕಿನ ಬಿಯರನ್ನು ಪರೀಕ್ಷಿಸಲು, ಲೆಕ್ಕವಿಡಲು ಬಲ್ಲ ಅಬಕಾರಿ ಇಲಾಖೆಗೆ ಈಚಲು ಮರದ ಗಡಿಗೆಯನ್ನು ಪರೀಕ್ಷಿಸುವುದು ಅಸಾಧ್ಯವೇನಲ್ಲ. ಸಣ್ಣ ಪರವಾನಗಿ, ದೊಡ್ಡ ಕಿಟಕಿ, ಇವೆರಡನ್ನು ಕೊಟ್ಟು ನೋಡಲಿ. ಹೀಗೆಂದು ಹೇಳಿದ್ದಕ್ಕೆ ಅಕ್ಕನ ಮಗ, ‘ಕ್ರಾಫ್ಟ್ ಹೆಂಡ ಅಂತ ಹೆಸರಿಟ್ಟು ಇಂದಿರಾನಗರದಲ್ಲಿ ತೆಗೀತಾರೆ ಮಾವ, ಗ್ಲಾಸಿಗೆ ಐನೂರು’ ಎಂದ. ಹಾ, ಅದಾಗುವ ಸಂಭವವೇ ಹೆಚ್ಚು.

ಓದುಗರಲ್ಲಿ ಕುಡಿಯುವವರಿದ್ದರೆ, ಕುಡಿಯದವರಿಗೆ ನಾನು ಹೇಳುತ್ತಿಲ್ಲ, ಆ ಕಡೆಗೆ ಒಮ್ಮೆ ಹೋಗಿ ಬನ್ನಿ. ಶನಿವಾರ ಸಂಜೆ ಬೇಡ, ಗದ್ದಲದಲ್ಲಿ ರುಚಿ ತಿಳಿಯುವುದಿಲ್ಲ. ವಾರದ ನಡುವೆ ಮಧ್ಯಾಹ್ನ ಹೋಗಿ. ಗೋಧಿ ಬಿಯರಿನಿಂದ ಶುರು ಮಾಡಿ, ಐಪಿಎಯನ್ನು ಕೊನೆಗಿಡಿ, ಇಲ್ಲವಾದರೆ ಆ ಕಹಿ ಮುಂದಿನದರ ರುಚಿಯನ್ನೆಲ್ಲ ನುಂಗಿಬಿಡುತ್ತದೆ. ರಾಗಿ ಬಿಯರ್ ಇದೆಯೇ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಮೆನುವಿಗೆ ಬರುತ್ತದೆ. ಕಾರು, ಬೈಕು ಮನೆಯಲ್ಲಿರಲಿ. 2023ರ ಅಕ್ಟೋಬರಿನಿಂದ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ಕಾಡುಗೋಡಿಯವರೆಗೆ ಒಂದೇ ಸಮ ಓಡುತ್ತಿದೆ, ವಿಜಯನಗರದಲ್ಲಿ ಹತ್ತಿದವರು ಎಲ್ಲೂ ಇಳಿದು ಹತ್ತಬೇಕಾಗಿಲ್ಲ.